ಎಚ್ಚರಾದ ಗಳಿಗೆಯನ್ನಷ್ಟೇ ಹೋಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅದ್ವೈತ ಜಾಗೃತಿಯ, ಅಂದರೆ ಇರುವುದೆಲ್ಲ ಒಂದೇ ಅನ್ನುವ ಅರಿವಿಗೆ ಎಚ್ಚರಾಗುವುದರ, ಹೊಸ ದಾರಿಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಒಂದಿಡೀ ಪುಟ ಬಿಟ್ಟುಕೊಟ್ಟಿದ್ದೀರಿ. ಅದಕ್ಕೆ ಮೊದಲು ನಿಮಗೆ ನಮಸ್ಕಾರ. ಆದರೆ ಲೇಖನದ ಮುಖ್ಯ ಮಾತನ್ನು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಹಳೆಯ ದಾರಿ ಅಂದರೆ ನಿಧಾನ, ಪೂಜೆ, ಮಂತ್ರ, ಮಠ. ಹೊಸ ದಾರಿ ಅಂದರೆ ನೇರ, ಎರಡು ದಿನದ ಶಿಬಿರದಲ್ಲೇ ತಿಳಿಯುವಂಥದ್ದು. ಹೀಗೆ ಎರಡು ಪಾಲು ಮಾಡಿ, ಯಾವುದರಲ್ಲಿ ಆ ಎಚ್ಚರಾಗುವ ಗಳಿಗೆ ಬೇಗ ಬರುತ್ತದೆ ಅನ್ನುವುದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ.

ಆ ಗಳಿಗೆಗಿಂತ ಮುಂಚಿನ ವರ್ಷಗಳು, ಅದರ ಆಮೇಲಿನ ವರ್ಷಗಳು ಲೇಖನದಲ್ಲಿ ಎಲ್ಲೂ ಇಲ್ಲ. ದಾರಿ ದಾರಿಗೆ ವ್ಯತ್ಯಾಸ ಇರುವುದೇ ಅಲ್ಲಿ ಅಂತ ನನ್ನ ನಂಬಿಕೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರ ಉದ್ದವಾಗುತ್ತದೆ, ಆದರೂ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ. ಹುಬ್ಬಳ್ಳಿಯಿಂದ ಆ ಕಡೆ ಗದಗ, ವಿಜಯಪುರ, ಈ ಕಡೆ ಲೋಂಡಾ, ಕ್ಯಾಸಲ್‌ರಾಕ್ ಅಂತ ಗೂಡ್ಸ್ ಗಾಡಿಯ ಬ್ರೇಕ್ ವ್ಯಾನಿನಲ್ಲಿ ಅರ್ಧ ಆಯುಷ್ಯ ಕಳೆದೆ. ಗೂಡ್ಸ್ ಗಾಡಿ ಅಂದರೆ ಲೂಪ್ ಲೈನಿನಲ್ಲಿ ತಾಸುಗಟ್ಟಲೆ ಕಾಯುವುದು ಇದ್ದದ್ದೇ. ಆಗ ಓದಿದೆ. ಪಾಸ್ ಸಿಗುತ್ತಿತ್ತು, ಹೀಗಾಗಿ ಓದಿದ ಊರುಗಳಿಗೆ ಹೋಗಿಯೂ ಬಂದೆ. ತಿರುವಣ್ಣಾಮಲೈ, ಇಂಚಗೇರಿ, ನಿಂಬಾಳ, ಮುಂಬೈಯ ಖೇತವಾಡಿ ಇವೆಲ್ಲ ನಾನು ಹೋಗಿ ನೋಡಿದ ಜಾಗಗಳು. ನಾನು ಪಂಡಿತ ಅಲ್ಲ. ಆದರೆ ಈ ವಿಷಯ ನನಗೆ ಊಟದಷ್ಟೇ ಬೇಕಾದದ್ದು.

ಮೊದಲು ಇಂಚಗೇರಿಯ ಮಾತು. ಲೇಖನದಲ್ಲಿ ನಿಸರ್ಗದತ್ತ ಮಹಾರಾಜರನ್ನು ಹೊಸ ನೇರ ದಾರಿಯ ದೊಡ್ಡ ಉದಾಹರಣೆ ಅಂತ ಕೊಟ್ಟಿದ್ದಾರೆ. ಮುಂಬೈಯ ಗಲ್ಲಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದವರು, ಮಠವಿಲ್ಲ, ಕಾವಿಯಿಲ್ಲ, ಅಟ್ಟದ ಕೋಣೆಯಲ್ಲಿ ಕೂತು ಬಂದವರ ಜೊತೆ ಮಾತಾಡುತ್ತಿದ್ದರು. ಇಷ್ಟೆಲ್ಲ ನಿಜ. ಆದರೆ ಅವರ ಗುರು ಯಾರು? ಸಿದ್ಧರಾಮೇಶ್ವರ ಮಹಾರಾಜರು. ಸೊಲ್ಲಾಪುರ ಸೀಮೆಯ ಪಾಥರಿಯಲ್ಲಿ 1888ರಲ್ಲಿ ಹುಟ್ಟಿ, ಹುಡುಗರಿದ್ದಾಗ ನಮ್ಮ ವಿಜಯಪುರದಲ್ಲಿ ಮಾರ್ವಾಡಿ ಪೇಢಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಗುರು ಉಮದಿಯ ಭಾವೂಸಾಹೇಬ ಮಹಾರಾಜರು. ಇವರ ಸಮಾಧಿ ಇರುವುದು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ. ಅವರಿಗಿಂತ ಹಿಂದೆ ನಿಂಬರಗಿ ಮಹಾರಾಜರು. ಇವತ್ತು ಅಮೆರಿಕದಲ್ಲೋ ಜರ್ಮನಿಯಲ್ಲೋ ಯಾರಾದರೂ ನಿಸರ್ಗದತ್ತರ ಹೆಸರು ಹೇಳಿ ಸತ್ಸಂಗ ನಡೆಸಿದರೆ, ಆ ಮಾತಿನ ಬೇರು ನಮ್ಮ ಜೋಳದ ಹೊಲಗಳ ನಡುವೆ ಇದೆ. ಕನ್ನಡದ ಪತ್ರಿಕೆಯ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ ಅಂದರೆ ಬೇಜಾರಾಗುತ್ತದೆ, ಅಲ್ವಾ?

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ನಿಧಾನವೋ ನೇರವೋ’ ಅನ್ನುವ ಜಗಳ ಪಶ್ಚಿಮದಿಂದ ಬಂದದ್ದಲ್ಲ. ಆ ಸಂಪ್ರದಾಯದೊಳಗೇ ಅದು ನಡೆದಿದೆ. ಭಾವೂಸಾಹೇಬರದು ನಾಮಸ್ಮರಣೆಯ ದಾರಿ. ದಿನಾ ತಾಸುಗಟ್ಟಲೆ ಧ್ಯಾನ, ವರ್ಷಾನುಗಟ್ಟಲೆ. ಇರುವೆ ತೆವಳಿ ತೆವಳಿ ಹಣ್ಣು ಮುಟ್ಟಿದ ಹಾಗೆ, ಪಿಪೀಲಿಕಾ ಮಾರ್ಗ ಅಂತ ಅದರ ಹೆಸರು. 1914ರಲ್ಲಿ ಅವರು ತೀರಿಕೊಂಡ ಮೇಲೆ ಸಿದ್ಧರಾಮೇಶ್ವರರು, ಧ್ಯಾನದ ಆಚೆಗೂ ಒಂದು ನಿಲುಗಡೆ ಇರಬೇಕಲ್ಲ ಅಂತ ಹೊರಟರು. ಗುರುಬಂಧುಗಳಿಗೆ ಇದು ಸೇರಲಿಲ್ಲ. ಇವರು ಬಿಡಲಿಲ್ಲ. ಕೊನೆಗೆ ವಿಚಾರದ ದಾರಿ ಹಿಡಿದರು. ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ ಅಂತ ಒಂದೊಂದೇ ದೇಹವನ್ನು ‘ಇದು ನಾನಲ್ಲ’ ಅಂತ ಬಿಡಿಸಿಕೊಂಡು ಹೋಗುವುದು. ಹಕ್ಕಿ ಒಂದೇ ಸಲ ಕೊಂಬೆಗೆ ಹಾರಿದಂತೆ, ವಿಹಂಗಮ ಮಾರ್ಗ. ಅದೇ ಭಾವೂಸಾಹೇಬರ ಇನ್ನೊಬ್ಬ ಶಿಷ್ಯರು ಗುರುದೇವ ರಾನಡೆ. ಜಮಖಂಡಿಯವರು, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಅನುಭಾವಿಗಳ ಬಗ್ಗೆ ಉಪನ್ಯಾಸ ಕೊಟ್ಟವರು. ಅಷ್ಟು ಓದಿದ ಮನುಷ್ಯ ಕಡೆತನಕ ನಾಮ ಬಿಡಲಿಲ್ಲ. 1957ರಲ್ಲಿ ನಿಂಬಾಳದಲ್ಲಿ ದೇಹ ಬಿಟ್ಟರು. ಅವರ ಆಶ್ರಮ ನಿಂಬಾಳ ಸ್ಟೇಷನ್ನಿನ ಹತ್ತಿರವೇ ಇದೆ. ಮೀಟರ್‌ಗೇಜ್ ಇದ್ದ ಕಾಲದಿಂದ ನಾನು ಕಂಡ ಜಾಗ ಅದು. ಸುತ್ತ ಬಯಲು, ಬಿಸಿಲು, ಮತ್ತೇನೂ ಇಲ್ಲ.

ಒಬ್ಬನೇ ಗುರು, ಇಬ್ಬರು ಶಿಷ್ಯರು, ಎರಡು ದಾರಿ. ಇಬ್ಬರನ್ನೂ ನಮ್ಮ ಜನ ಕೈಮುಗಿದು ಒಪ್ಪಿಕೊಂಡಿದ್ದಾರೆ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಬೇರೆ ಎಲ್ಲಿ ಸಿಗುತ್ತದೆ?

ಇನ್ನು ಹಕ್ಕಿಯ ದಾರಿ ಹಿಡಿದ ನಿಸರ್ಗದತ್ತರನ್ನೇ ನೋಡಿ. 1933ರ ಸುಮಾರಿಗೆ ಗುರುವನ್ನು ಕಂಡರು. ‘ನಾನಿದ್ದೇನೆ’ ಅನ್ನುವ ಅರಿವನ್ನು ಹಿಡಿದುಕೊಂಡು ಕೂರು, ಬೇರೆ ಯಾವುದಕ್ಕೂ ಕೈಹಾಕಬೇಡ ಅಂತ ಗುರು ಹೇಳಿದ್ದನ್ನು ಅಂಗಡಿ ನಡೆಸುತ್ತಲೇ ಮೂರು ವರ್ಷ ಮಾಡಿದರು. ಗುರು ಹೋದ ಮೇಲೆ ಮನೆ ಬಿಟ್ಟು ತಿರುಗಾಡಿದರು. ಮತ್ತೆ ತಿರುಗಿ ಬಂದು ಅದೇ ಬೀಡಿ ಅಂಗಡಿಯಲ್ಲಿ ಕೂತರು, ಹೆಂಡತಿ ಮಕ್ಕಳನ್ನು ನೋಡಿಕೊಂಡರು. ಅವರ ಮಾತುಗಳನ್ನು ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರು ಇಂಗ್ಲಿಷಿಗೆ ತಂದಿದ್ದು 1973ರಲ್ಲಿ. ಈ ಫ್ರೀಡ್‌ಮನ್ ಒಂದು ಕಾಲಕ್ಕೆ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಇದ್ದವರು. ಆ ಪುಸ್ತಕ ಬಂದ ಮೇಲೆಯೇ ಜಗತ್ತು ಅವರ ಮನೆಯಿದ್ದ ಖೇತವಾಡಿಗೆ ಬಂತು. ಬಂದವರು ಬರೆದುಕೊಂಡದ್ದು ಮಾತನ್ನು. ಆ ಕೋಣೆಯಲ್ಲಿ ಕೊನೆಯವರೆಗೂ ದಿನಕ್ಕೆ ಹಲವು ಸಲ ಭಜನೆ ಆಗುತ್ತಿತ್ತು, ಗುರುವಿನ ಫೋಟೋಗೆ ಪೂಜೆ ಆಗುತ್ತಿತ್ತು. ಅದನ್ನು ಮಾತ್ರ ಹೊರಗಿನವರು ಸಂಗಡ ಒಯ್ಯಲಿಲ್ಲ.

ರಮಣ ಮಹರ್ಷಿಗಳ ವಿಷಯದಲ್ಲೂ ಹೀಗೇ ಆಗಿದೆ. 1896ರಲ್ಲಿ ಮಧುರೈಯ ಮನೆಯ ಮಾಳಿಗೆಯಲ್ಲಿ ಹದಿನಾರರ ಹುಡುಗನಿಗೆ ಸಾವಿನ ಭಯ ಬಂತು, ಸತ್ತವನ ಹಾಗೆ ಮಲಗಿ ‘ಸಾಯುವುದು ಯಾವುದು’ ಅಂತ ನೋಡಿದ, ಮುಗಿಯಿತು. ಈ ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈಯ ಅರುಣಾಚಲ ಬೆಟ್ಟ ಮುಟ್ಟಿದ ಹುಡುಗ ವರ್ಷಗಟ್ಟಲೆ ಮಾತೇ ಆಡದೆ ಗುಡಿಯಲ್ಲಿ, ಗುಹೆಯಲ್ಲಿ ಇದ್ದ. ‘ನಾನು ಯಾರು’ ಅನ್ನುವ ವಿಚಾರದ ಬಗ್ಗೆ ಮೊದಲು ಬರೆದು ಉತ್ತರ ಕೊಟ್ಟದ್ದು 1902ರ ಸುಮಾರಿಗೆ, ಅದೂ ಒಬ್ಬರು ಬಂದು ಕೇಳಿದರು ಅಂತ. ಮುಂದೆ ಆಶ್ರಮ ಬೆಳೆದ ಮೇಲೂ ಬೆಳಗಿನ ಜಾವ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ವಿಚಾರ ಆಗದವನಿಗೆ ಶರಣಾಗತಿಯ ದಾರಿ ಇದೆ ಅಂತ ಯಾವತ್ತೂ ಹೇಳುತ್ತಿದ್ದರು. ಈಗಿನ ಶಿಬಿರಗಳಲ್ಲಿ ರಮಣರ ಫೋಟೋ ಇರುತ್ತದೆ. ಶರಣಾಗತಿಯ ಮಾತು ಮಾತ್ರ ಕೇಳಸಿಗುವುದಿಲ್ಲ.

ಇಲ್ಲಿ ನನ್ನ ಮನೆಯ ಒಂದು ಸಂಗತಿ ಹೇಳಬೇಕು. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ, ಓದುವವನು. ರಮಣರ ಪರಂಪರೆಯ ಹೆಸರು ಹೇಳುವ ಒಂದು ಶಿಬಿರಕ್ಕೆ ಹೋಗಿ ಬಂದ. ಬಂದವನೇ ಫೋನ್ ಮಾಡಿ, “ಮಾಮಾ, ಹುಡುಕೋದು ಮುಗೀತ್ರಿ” ಅಂದ. ನನಗೆ ನಿಜವಾಗಿಯೂ ಸಂತೋಷ ಆಯಿತು. ಆದರೆ ಆಮೇಲೆ ಗದಗಿನಲ್ಲಿರುವ ತಂಗಿಯ ಫೋನ್ ಎತ್ತುವುದನ್ನು ಬಿಟ್ಟ. ಅವಳಿಗೆ ಮೊಣಕಾಲಿನ ಆಪರೇಷನ್ ಇತ್ತು. ಅವನು ಬರಲಿಲ್ಲ. ಯಾಕೋ ಅಂದರೆ, “ಅವ್ವ-ಮಗ ಅನ್ನೋದೂ ಒಂದು ಕಥೀನಽ ಅಲ್ರಿ ಮಾಮಾ? ಕಥಿ ಬಿಟ್ಟೀನಿ” ಅಂದ. ಅವನು ಕೆಟ್ಟದ್ದನ್ನು ಮಾಡಬೇಕೆಂದು ಹೇಳಿದ್ದಲ್ಲ. ಅವನಿಗೆ ಹಾಗೆ ಕಲಿಸಿದ್ದರು.

ಅವನಿಗೆ ನಾನು ಪೂಂಜಾಜಿಯವರ ವಿಷಯ ಹೇಳಿದೆ. ಅವನು ಹೋದ ಶಿಬಿರದವರೇ ಬಲು ಗೌರವದಿಂದ ನೆನೆಯುವ ಹೆಸರು ಅದು. ಎಚ್.ಡಬ್ಲ್ಯೂ.ಎಲ್. ಪೂಂಜಾ ಅಂದರೆ ಲಖನೌದ ಪಾಪಾಜಿ. ಇವತ್ತು ಪಶ್ಚಿಮದಲ್ಲಿ ಸತ್ಸಂಗ ಕೊಡುವ ಎಷ್ಟೋ ಜನ ಅವರ ಹತ್ತಿರ ಹೋಗಿ ಬಂದವರು. 1947ರಲ್ಲಿ ಅವರು ರಮಣಾಶ್ರಮದಲ್ಲಿದ್ದರು. ಮನೆಮಂದಿ ಲಾಹೋರ್ ಕಡೆ, ಅಲ್ಲಿ ಬೆಂಕಿ ಹತ್ತಿದೆ. ಹೋಗಿ ಅವರನ್ನು ಕರೆದುಕೊಂಡು ಬಾ ಅಂತ ರಮಣರು ಹೇಳಿದರು. ಸಂಸಾರ ನನಗೊಂದು ಕನಸಾಗಿತ್ತು, ನಿಮ್ಮನ್ನು ಕಂಡ ಮೇಲೆ ಅದು ಮುಗಿಯಿತು ಅಂತ ಪೂಂಜಾ ವಾದ ಮಾಡಿದರು. ಕನಸೆಂದು ತಿಳಿದಿದ್ದರೆ, ಆ ಕನಸಿನಲ್ಲಿ ನಿನ್ನ ಕರ್ತವ್ಯ ಮಾಡಲು ಏನಡ್ಡಿ ಅಂತ ರಮಣರು ಕೇಳಿದರು. ಪೂಂಜಾ ಹೋದರು. ಮನೆಮಂದಿಯನ್ನು, ನೆಂಟರಿಷ್ಟರನ್ನು ಗಡಿ ದಾಟಿಸಿ ಲಖನೌಗೆ ತಂದರು. ಅವರನ್ನೆಲ್ಲ ಸಾಕಲು ದುಡಿದರು. ಮುಂದೆ ಇದೇ ನಮ್ಮ ಲೋಂಡಾ, ಕ್ಯಾಸಲ್‌ರಾಕ್ ಸೀಮೆಯ ಗಣಿಗಳಲ್ಲಿ ಮ್ಯಾನೇಜರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದರು. ನಾನು ಗಾಡಿಯ ಹಿಂದೆ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ ಲೈನ್ ಅದು.

‘ಕಥಿ ಬಿಟ್ಟೀನಿ’ ಅನ್ನುವ ಹುಡುಗನಿಗೆ ಈ ಸಂಗತಿಯನ್ನು ಶಿಬಿರದಲ್ಲಿ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟು ಇರುವುದು ಇದರ ಮೇಲೆ.

ಹಾಗಂತ ಹೊಸ ದಾರಿಗಳಲ್ಲಿ ಹುರುಳಿಲ್ಲ ಅಂತ ನಾನು ಹೇಳುತ್ತಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು. ದೀಪಾವಳಿಗೆ ಅದೇ ತಂಗಿಯ ಮಗ ಬಂದಾಗ, “ಅಲ್ಲಿ ಏನು ಮಾಡಿಸಿದರೋ, ನನಗೂ ಮಾಡಿಸು” ಅಂದೆ. ಪಡಸಾಲೆಯಲ್ಲಿ ಎದುರುಬದುರು ಕೂತೆವು. ತೋರುಬೆರಳಿನಿಂದ ಗೋಡೆ ತೋರಿಸಿ ಅಂದ. ಅಲ್ಲೇನಿದೆ? ಬಣ್ಣ, ಆಕಾರ, ಕ್ಯಾಲೆಂಡರು. ಕಾಲು ತೋರಿಸಿ. ಹೊಟ್ಟೆ ತೋರಿಸಿ. ಈಗ ಬೆರಳನ್ನು ನಿಮ್ಮ ಮುಖದ ಕಡೆಗೇ ತಿರುಗಿಸಿ. ನೆನಪಿನಿಂದ ಹೇಳಬೇಡಿ, ಈಗ ಕಾಣುವುದನ್ನು ಹೇಳಿ, ಅಲ್ಲೇನಿದೆ? ನೋಡಿದೆ. ಮುಖ ಕಾಣುವುದಿಲ್ಲ. ಕಣ್ಣು, ತಲೆ ಏನೂ ಕಾಣುವುದಿಲ್ಲ. ಬಯಲು. ಆ ಬಯಲಿನಲ್ಲಿ ಇಡೀ ಪಡಸಾಲೆ ಕೂತಿದೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಇದು ಡಗ್ಲಸ್ ಹಾರ್ಡಿಂಗ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ ಕಂಡುಕೊಂಡ ಪ್ರಯೋಗ. ಅವರು 2007ರಲ್ಲಿ ತೀರಿಕೊಂಡರು. ನಂಬಿಕೆ ಬೇಡ, ದೀಕ್ಷೆ ಬೇಡ, ಒಂದು ಬೆರಳು ಸಾಕು. ಇಷ್ಟು ಸರಳವಾಗಿ ತೋರಿಸಿಕೊಟ್ಟವರಿಗೆ ನಾನು ಕೈ ಮುಗಿಯುತ್ತೇನೆ.

ಆಮೇಲೆ ಅವನನ್ನು ಕೇಳಿದೆ: “ನಿನ್ನ ಮಾರಿ ಇಲ್ಲದ ಜಾಗಾದಾಗ ಈಗ ಯಾರ ಮಾರಿ ಕಾಣ್ತದಪಾ?” “ನಿಮ್ದು” ಅಂದ. “ಹಂಗಾರ ಗದಗಿಗೆ ಹೋದರ ಯಾರದು ಕಾಣ್ತದ?” ಅಂದೆ. ಸುಮ್ಮನಾದ. ಇದು ನನ್ನ ಜಾಣತನ ಅಲ್ಲ. ಹಾರ್ಡಿಂಗ್ ಹೇಳಿದ್ದೇ ಇದು. ನಾನು ಖಾಲಿ ಆದದ್ದು ಎದುರಿನವರಿಗೆ ಜಾಗ ಕೊಡಲಿಕ್ಕೆ ಅಂತ. ಆ ಪ್ರಯೋಗದ ಮುಂದಿನ ಅರ್ಧವನ್ನು ಎರಡು ದಿನದ ಶಿಬಿರ ಬಿಟ್ಟುಬಿಟ್ಟಿತ್ತು.

ನೇರ ದಾರಿ ಅಂತ ಹೆಸರಾದ ಇನ್ನೊಂದು ಕ್ರಮ ತಿರುವಾಂಕೂರಿನ ಆತ್ಮಾನಂದ ಕೃಷ್ಣ ಮೆನನ್ ಅವರದು. 1883ರಲ್ಲಿ ಹುಟ್ಟಿ 1959ರಲ್ಲಿ ಹೋದರು. ಪೊಲೀಸ್ ಅಧಿಕಾರಿ ಆಗಿದ್ದವರು, ಸಂಸಾರಸ್ಥರು. ಅವರ ವಿಚಾರ ಯುರೋಪ್, ಅಮೆರಿಕದಲ್ಲಿ ಮೊದಲು ಜೀನ್ ಕ್ಲೈನ್, ಈಗ ಫ್ರಾನ್ಸಿಸ್ ಲೂಸಿಲ್, ರೂಪರ್ಟ್ ಸ್ಪೈರಾ ಇಂಥ ಬೋಧಕರ ಮಾತಿನಲ್ಲಿ ಕೇಳುತ್ತದೆ. ಉದಾಹರಣೆಗೆ, ನಮ್ಮ ಮನೆಗೆ ಗಾಡಿಯ ಸೀಟಿ ಕೇಳುತ್ತದೆ. ಆ ಸೀಟಿಯ ಸದ್ದು ಒಂದು ಕಡೆ, ಕೇಳುವುದು ಇನ್ನೊಂದು ಕಡೆ ಅಂತ ಗೆರೆ ಎಳೆಯಲು ಆಗುತ್ತದೆಯೇ ನೋಡಿ ಅನ್ನುತ್ತಾರೆ ಈ ದಾರಿಯವರು. ಕೇಳುವುದನ್ನು ತೆಗೆದರೆ ಸದ್ದು ಅಂತ ಉಳಿಯುವುದೇನು? ಕೇಳುವುದು ಅರಿವಿನಿಂದ ಬೇರೆ ಇದೆಯೇ? ಹೀಗೆ ಒಂದೊಂದೇ ಹೆಜ್ಜೆ. ಬಲು ನಾಜೂಕಿನ ವಿಚಾರ, ಒಂದು ಸಲಕ್ಕೆ ಆಗುವಂಥದ್ದಲ್ಲ. ಇದನ್ನೂ ‘ಏನೂ ಮಾಡಬೇಕಾಗಿಲ್ಲ, ಮಾಡುವವನೇ ಇಲ್ಲ’ ಅನ್ನುವ ಟೋನಿ ಪಾರ್ಸನ್ಸ್ ತರಹದವರ ಮಾತನ್ನೂ ನಿಮ್ಮ ಲೇಖನ ಒಂದೇ ಬುಟ್ಟಿಗೆ ಹಾಕಿದೆ. ಎರಡೂ ಬೇರೆ. ಒಬ್ಬರು ಕೈಹಿಡಿದು ನಡೆಸುತ್ತಾರೆ. ಇನ್ನೊಬ್ಬರು ನಡೆಯುವವನೇ ಇಲ್ಲ ಅಂತ ಹೇಳಿ ಸುಮ್ಮನಾಗುತ್ತಾರೆ. ಎರಡನೆಯ ಮಾತು ತಪ್ಪು ಅಂತ ನಾನು ಹೇಳಲಾರೆ. ಆದರೆ ನೋವಿನಲ್ಲಿರುವ ಮನುಷ್ಯನಿಗೆ ಅದನ್ನು ಮೊದಲ ದಿನವೇ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಪಶ್ಚಿಮದ ಹೆಸರಾಂತ ಬೋಧಕ ಎಕಾರ್ಟ್ ಟೋಲೆ ಅವರ ಬಗ್ಗೆ ಲೇಖನ ‘ಒಂದೇ ರಾತ್ರಿಯಲ್ಲಿ ಬದಲಾದವರು’ ಅನ್ನುತ್ತದೆ. 1977ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಆ ರಾತ್ರಿ ಬಂದದ್ದು ಹೌದು. ಆಮೇಲೆ ಸುಮಾರು ಎರಡು ವರ್ಷ ಜಾಸ್ತಿ ಹೊತ್ತು ಪಾರ್ಕಿನ ಬೆಂಚಿನ ಮೇಲೆ ಕೂತೇ ಕಳೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ ಹೆಸರಾದ ಪುಸ್ತಕ ‘ದಿ ಪವರ್ ಆಫ್ ನೌ’ ಬಂದದ್ದು 1997ರಲ್ಲಿ. ನಡುವೆ ಇಪ್ಪತ್ತು ವರ್ಷ ಹೋಗಿದೆ. ಸಿಗ್ನಲ್ ಹಸಿರಾಯಿತು ಅಂದಮಾತ್ರಕ್ಕೆ ಗಾಡಿ ಊರು ಮುಟ್ಟಿತು ಅಂತ ಯಾವ ಗಾರ್ಡೂ ಡೈರಿಯಲ್ಲಿ ಬರೆಯುವುದಿಲ್ಲ.

ಬರೆದುಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಆಂಡ್ರ್ಯೂ ಕೊಹೆನ್ ಎಂಬ ಅಮೆರಿಕದವರು ಪೂಂಜಾಜಿಯವರ ಹತ್ತಿರ ಬಂದರು, ಎಚ್ಚರಾಯಿತು ಅಂದರು, ಬೇಗನೆ ಗುರುವೇ ಆದರು. ದೊಡ್ಡ ಸಂಸ್ಥೆ, ನೂರಾರು ಶಿಷ್ಯರು. 2013ರಲ್ಲಿ, ತನ್ನ ಜಾಗೃತಿ ಎಷ್ಟೇ ಆಳದ್ದಾಗಿದ್ದರೂ ತನ್ನ ಅಹಂಕಾರ ಇನ್ನೂ ಗಟ್ಟಿಮುಟ್ಟಾಗಿಯೇ ಇದೆ ಅಂತ ತಾವೇ ಬರೆದು, ಕ್ಷಮೆ ಕೇಳಿ, ಕೆಳಗಿಳಿದರು. ಇದನ್ನು ಅವರನ್ನು ಹಳಿಯಲು ಹೇಳುತ್ತಿಲ್ಲ. ಹಾಗೆ ಒಪ್ಪಿಕೊಳ್ಳುವುದಕ್ಕೂ ಗುಂಡಿಗೆ ಬೇಕು. ಆದರೆ ಆ ಗಳಿಗೆ ಒಂದೇ ಸಾಕು ಅನ್ನುವವರು ಇದನ್ನು ಓದಬೇಕು.

ಗಳಿಗೆಯ ಬಗ್ಗೆ ನನಗೆ ಅತ್ಯಂತ ಸ್ಪಷ್ಟವಾಗಿ ತಿಳಿಸಿಕೊಟ್ಟವರು ನಮ್ಮ ಕನ್ನಡದವರೇ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು. 1880ರಲ್ಲಿ ಹುಟ್ಟಿ 1975ರವರೆಗೆ ಬದುಕಿದ್ದರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶುರು ಮಾಡಿ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದರು. ಶಂಕರರ ಭಾಷ್ಯಕ್ಕೆ ಆಮೇಲಿನವರು ಬರೆದ ವ್ಯಾಖ್ಯಾನಗಳು ಎಷ್ಟೋ ಕಡೆ ದಾರಿ ತಪ್ಪಿಸಿವೆ ಅಂತ ವಾದ ಮಾಡಿದವರು. ಅವರ ಒಂದು ಮಾತಿನ ಸಾರ ಇಷ್ಟು: ಬಂದು ಹೋಗುವ ಯಾವ ಅನುಭವವೂ ಜ್ಞಾನ ಅಲ್ಲ. ಸಮಾಧಿ ಬಂದರೂ ಅದು ಬಂದದ್ದೇ, ಹೋಗುವಂಥದ್ದೇ. ಎಚ್ಚರ, ಕನಸು, ಗಾಢನಿದ್ದೆ ಈ ಮೂರನ್ನೂ ಎದುರಿಗಿಟ್ಟುಕೊಂಡು, ಮೂರರಲ್ಲೂ ಇದ್ದೇ ಇರುವುದು ಯಾವುದು ಅಂತ ವಿಚಾರ ಮಾಡು.

ಇದು ನನಗೆ ಪುಸ್ತಕಕ್ಕಿಂತ ಮುಂಚೆ, ಗಾಡಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಪರಿಚಯ ಆಗಿತ್ತು. ಲೋಂಡಾದಲ್ಲಿ ಮಳೆಗಾಲ. ಡ್ಯೂಟಿ ಮುಗಿಸಿ ಒದ್ದೆ ಬೂಟು ಕಳಚಿ ಮಲಗಿದರೆ ಹೆಣದಂಥ ನಿದ್ದೆ. ಯಾವ ಹೊತ್ತಿಗೋ ಡ್ಯೂಟಿಗೆ ಎಬ್ಬಿಸುವ ಕಾಲ್ ಬಾಯ್ ಬಂದು ಮಂಚ ತಟ್ಟುತ್ತಿದ್ದ. ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಕಾಲ್ ಬುಕ್. ಕಣ್ಣು ತೆರೆದ ಕೂಡಲೇ ಇದು ಲೋಂಡಾವೋ, ಗದಗೋ, ಮನೆಯೋ ಗೊತ್ತಾಗುತ್ತಿರಲಿಲ್ಲ. ನಸುಕೋ, ನಡುರಾತ್ರಿಯೋ ಗೊತ್ತಿಲ್ಲ. ಒಂದೊಂದು ಸಲ ನನ್ನ ಹೆಸರೂ ಬಂದಿರುತ್ತಿರಲಿಲ್ಲ. ಆದರೆ ‘ಗೊತ್ತಾಗುತ್ತಿಲ್ಲ’ ಅನ್ನುವುದು ಬರೋಬರಿ ಗೊತ್ತಾಗುತ್ತಿತ್ತು. ಆಮೇಲೆ ಒಂದೊಂದಾಗಿ ಬರುತ್ತಿದ್ದವು: ಮಳೆಯ ಸದ್ದು, ಊರು, ಹೆಸರು, ಹುದ್ದೆ, ಹೆಂಡತಿ ಹೇಳಿ ಕಳಿಸಿದ ಸಾಮಾನು. ಆಮೇಲೆ ಬುಕ್ಕಿನಲ್ಲಿ ಸಹಿ. ಸಚ್ಚಿದಾನಂದೇಂದ್ರರನ್ನು ಓದಿದಾಗ ಆ ಸಹಿಗಿಂತ ಮುಂಚಿನದನ್ನು ಇವರು ಹೇಳುತ್ತಿದ್ದಾರೆ ಅನ್ನಿಸಿತು. ಅದು ವಿಶೇಷ ಅನುಭವ ಏನೂ ಅಲ್ಲ. ರಾತ್ರಿ ಪಾಳಿ ಮಾಡಿದ ಎಲ್ಲರಿಗೂ ಆಗಿರುತ್ತದೆ. ಅದರ ಅರ್ಥ ಮನಸ್ಸಿಗೆ ಇಳಿಯುವುದಕ್ಕೆ ಮಾತ್ರ ನೌಕರಿ ಮುಗಿಯುವಷ್ಟು ಕಾಲ ಬೇಕಾಯಿತು.

‘ಎಲ್ಲ ದಾರಿಯೂ ಹೇಳುವುದು ಒಂದನ್ನೇ’ ಅಂತ ಲೇಖನದ ಕೊನೆಗೆ ಬರೆದಿದ್ದಾರೆ. ಇದನ್ನೂ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಹುಬ್ಬಳ್ಳಿಯಿಂದ ಮುಂಡಗೋಡ ಎಷ್ಟು ದೂರ? ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಹೋಗಿ ಸೇರಬಹುದು. ಟಿಬೆಟಿನ ಡ್ರೆಪುಂಗ್, ಗಾಂಡೆನ್ ಮಠಗಳನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ. ಸಂಜೆ ಹೋದರೆ ಅಂಗಳದಲ್ಲಿ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದ ಮಾಡುತ್ತಿರುತ್ತಾರೆ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾನೆ. ಗೆಶೆ ಅನ್ನುವ ಬೌದ್ಧ ವಿದ್ವಾಂಸರ ಪದವಿಗೆ ಹದಿನೈದು ಇಪ್ಪತ್ತು ವರ್ಷ ಹೀಗೆ ಓದಬೇಕು, ವಾದ ಮಾಡಬೇಕು. ಅವರೂ ಅದ್ವಯ ಅನ್ನುತ್ತಾರೆ. ಆದರೆ ಆತ್ಮ ಅನ್ನುವುದನ್ನು ಅವರು ಒಪ್ಪುವುದಿಲ್ಲ. ಎಲ್ಲವೂ ಒಂದಕ್ಕೊಂದು ಆತುಕೊಂಡು ಇರುವಂಥದ್ದು, ತನ್ನಷ್ಟಕ್ಕೆ ತಾನೇ ನಿಂತದ್ದು ಯಾವುದೂ ಇಲ್ಲ, ಅದೇ ಶೂನ್ಯತೆ ಅನ್ನುತ್ತಾರೆ. ನಮ್ಮ ವೇದಾಂತಿಗಳು ಬ್ರಹ್ಮ ಒಂದೇ ಸತ್ಯ ಅನ್ನುತ್ತಾರೆ. ಇವೆರಡೂ ಒಂದೇ ಎಂದುಬಿಟ್ಟರೆ ಆ ಅಂಗಳದಲ್ಲಿ ಬೆವರು ಸುರಿಸುವವರಿಗೂ ಅಗೌರವ, ಶಂಕರರಿಗೂ ಅಗೌರವ. ಇನ್ನು ನಮ್ಮ ಪಕ್ಕದ ಮನೆಯ ಆಚಾರ್ಯರು ಮಧ್ವಮತದವರು. ಅವರು ಈ ಚರ್ಚೆಯ ಬುಡವನ್ನೇ ಒಪ್ಪುವುದಿಲ್ಲ. ಅವರ ಜೊತೆ ಸಂಜೆ ಕಟ್ಟೆಯ ಮೇಲೆ ವಾದ ಮಾಡಿದಷ್ಟು ಲಾಭ ನನಗೆ ಯಾವ ವಿಡಿಯೋದಿಂದಲೂ ಆಗಿಲ್ಲ.

ಸಿದ್ಧಾರೂಢರ ಮಠದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಹುಬ್ಬಳ್ಳಿಯ ಸ್ಟೇಷನ್ನಿಗೇ ಅವರ ಹೆಸರಿದೆ. 1836ರಿಂದ 1929ರವರೆಗೆ ಬದುಕಿದ್ದ ಅವರು ಹೇಳಿದ್ದು ಅಪ್ಪಟ ಅದ್ವೈತ. ಆದರೆ ಕೊಟ್ಟದ್ದು ಜಾತಿ ನೋಡದೆ ಎಲ್ಲರಿಗೂ ‘ಓಂ ನಮಃ ಶಿವಾಯ’, ಎಲ್ಲರಿಗೂ ಪ್ರಸಾದ, ಎಲ್ಲರಿಗೂ ಶಾಸ್ತ್ರ ಕೇಳುವ ಅವಕಾಶ. ನಿಜಗುಣ ಶಿವಯೋಗಿಗಳ ಕನ್ನಡ ಶಾಸ್ತ್ರವನ್ನು ಓದಿಸಿ ಅರ್ಥ ಹೇಳುತ್ತಿದ್ದರು. ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮಠದಲ್ಲಿ ಶಾಸ್ತ್ರ ಕೇಳಿ ಬಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ವರ್ಷ ವರ್ಷ ಅದೇ ಭಾಗ. “ಅದನ್ನಽ ಎಷ್ಟು ಸಲ ಕೇಳ್ತೀಯವ್ವಾ?” ಅಂತ ನಾನು ಕೇಳಿದ್ದೆ. “ಅದು ಅದಽ ಇರ್ತದಪಾ, ಕೇಳೋ ನಾ ಪ್ರತಿ ಸಲ ಬ್ಯಾರೆ ಇರ್ತೀನಲ್ಲ” ಅಂದಳು. ಶ್ರವಣ, ಮನನ, ನಿದಿಧ್ಯಾಸನ ಅಂತ ದೊಡ್ಡವರು ಹೇಳುವುದು ಇದನ್ನೇ ಇರಬೇಕು. ಇದು ನಿಧಾನದ ದಾರಿ ಅಂತ ಲೇಖನ ಅನ್ನಬಹುದು. ಆದರೆ ನನ್ನ ಅಪ್ಪ ಹೋದ ವರ್ಷ ಅವಳನ್ನು ನೋಡಿದವನು ನಾನು. ಅತ್ತಳು, ಮನಸ್ಸು ತುಂಬಾ ಅತ್ತಳು. ‘ದುಃಖ ಯಾರಿಗೆ’ ಅಂತ ಅವಳನ್ನು ಕೇಳಲು ಮಠದ ಯಾರೂ ಬರಲಿಲ್ಲ. ಜೊತೆಗೆ ಭಜನೆ ಮಾಡುವ ಹೆಂಗಸರು ಬಂದು ಸರದಿಯ ಮೇಲೆ ಮನೆಯಲ್ಲಿ ಇದ್ದರು, ಅಡುಗೆ ಮಾಡಿದರು. ಆಮೇಲೆ ಅವಳು ಮತ್ತೆ ಶಾಸ್ತ್ರಕ್ಕೆ ಹೋದಳು.

ಈ ಜೊತೆಗಿರುವವರು ಅನ್ನುವುದು ಬಲು ಮುಖ್ಯ. ಧ್ಯಾನ ಮಾಡುವವರಲ್ಲಿ ಕೆಲವರಿಗೆ ಭಯ, ನಿದ್ದೆಗೇಡು, ‘ನಾನು’ ಅನ್ನುವ ಭಾವವೇ ಕಳಚಿಹೋದಂಥ ಗಾಬರಿ ಆಗುವುದುಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಂಥ ಅನುಭವಗಳನ್ನು ಕೇಳಿ ತಿಳಿದು ಪ್ರಕಟಿಸಿದ್ದಾರೆ. ಹಾಗಾದಾಗ ಮನುಷ್ಯನಿಗೆ ವೈದ್ಯರೂ ಬೇಕು, ಅನುಭವ ಇರುವ ಹಿರಿಯರೂ ಬೇಕು. ಮಠದಲ್ಲಿ, ಮುಂಡಗೋಡಿನಲ್ಲಿ, ನಿಂಬಾಳದಲ್ಲಿ ಕೇಳಲು ಒಬ್ಬರಾದರೂ ಇರುತ್ತಾರೆ. ಫೋನಿನ ಪರದೆಯ ಆಚೆ ಯಾರಿದ್ದಾರೆ?

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಇಂಥ ಶಿಬಿರ, ಆ್ಯಪ್, ಗುರುಗಳ ಬಗ್ಗೆ ಬರೆಸುವಾಗ ಅವರನ್ನು ನೇರವಾಗಿ ಕೆಲವು ಮಾತು ಕೇಳಿ ಬರೆಸಿ. ಎಷ್ಟು ದುಡ್ಡು ತೆಗೆದುಕೊಳ್ಳುತ್ತಾರೆ? ಶಿಬಿರ ಮುಗಿದು ಆರು ತಿಂಗಳಾದ ಮೇಲೆ ಫೋನ್ ಮಾಡಿದರೆ ಎತ್ತುವವರು ಯಾರು? ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಬಂದರೆ ಏನು ಹೇಳುತ್ತಾರೆ? ತಂದೆ-ತಾಯಿ, ಹೆಂಡತಿ-ಮಕ್ಕಳು, ಕೆಲಸ ಇವುಗಳ ಬಗ್ಗೆ ಏನು ಕಲಿಸುತ್ತಾರೆ? ಕಲಿಸುವವರು ತಾವೇ ಎಷ್ಟು ವರ್ಷ, ಯಾರ ಹತ್ತಿರ ಇದ್ದರು? ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ಊರೂರಿಗೆ ಬಂದು ತಿಂಗಳುಗಟ್ಟಲೆ ಬೆಳಿಗ್ಗೆ ಪ್ರವಚನ ಹೇಳುತ್ತಿದ್ದರು. ಅಂಗಿಗೆ ಜೇಬೇ ಇರಲಿಲ್ಲ. 2023ರ ಜನವರಿಯಲ್ಲಿ ಹೋಗುವಾಗಲೂ ತಮಗೆ ಸ್ಮಾರಕ ಬೇಡ ಅಂತ ಮೊದಲೇ ಬರೆದಿಟ್ಟು ಹೋದರು. ಅವರನ್ನು ಕಂಡ ಜನಕ್ಕೆ ಈ ಪ್ರಶ್ನೆ ಕೇಳುವ ಹಕ್ಕಿದೆ.

ಇನ್ನೊಂದು, ಲೇಖಕರು ಇಂಚಗೇರಿಗೂ ನಿಂಬಾಳಕ್ಕೂ ಒಮ್ಮೆ ಹೋಗಿ ಬಂದು ಬರೆಯಲಿ. ಅಲ್ಲಿನ ಹಿರಿಯರು ಮರಾಠಿ-ಕನ್ನಡ ಎರಡರಲ್ಲೂ ಮಾತಾಡುತ್ತಾರೆ, ಸಮಾಧಾನದಿಂದ ಹೇಳುತ್ತಾರೆ. ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಹಿಡಿದರೆ ನಿಂಬಾಳದಲ್ಲೇ ಇಳಿಯಬಹುದು. ಜೊತೆ ಬೇಕಿದ್ದರೆ ನಾನು ಬರಲು ತಯಾರಿದ್ದೇನೆ. ತಂಗಿಯ ಮಗನೂ ಬರುತ್ತೇನೆ ಅಂದಿದ್ದಾನೆ. ಅವನು ಈಗ ಗದಗಿನಲ್ಲಿ ಅವ್ವನ ಹತ್ತಿರ ಇದ್ದಾನೆ, ದಾರಿಯಲ್ಲೇ ಹತ್ತಿಕೊಳ್ಳುತ್ತಾನೆ.

ಇತಿ ತಮ್ಮ ಓದುಗ,
ನಿವೃತ್ತ ರೈಲ್ವೆ ಗಾರ್ಡ್, ಹುಬ್ಬಳ್ಳಿ